ರತ್ನತ್ತೆ ಸಿನಿಮಾ ಹೇಳುತ್ತಿದ್ದಳು

ಶೇಂಗಾ ಸುಲಿಯಲು ಕೂತರೆ ನನಗೊಂದು ಚಾಳಿ. ಎದುರಿಗೆ ಯಾರೇ ಇರಲಿ, ‘ಒಂದು ಸಿನಿಮಾ ಹೇಳಿ’ ಎಂದು ಗಂಟುಬೀಳುತ್ತೇನೆ. ತೋರಿಸಿ ಎಂದಲ್ಲ, ಹೇಳಿ ಎಂದು. ಕಳೆದ ಭಾನುವಾರ ಚಟ್ನಿಪುಡಿಗೆಂದು ಮೊರದ ತುಂಬ ಶೇಂಗಾ ಹಾಕಿಕೊಂಡು ಕೂತಿದ್ದೆ. ಪೇಪರಿನೊಳಗೆ ಮುಖ ಹುದುಗಿಸಿದ್ದ ನಮ್ಮ ಮನೆಯವರನ್ನು ಕೇಳಿದೆ. ತಲೆ ಎತ್ತದೆಯೇ, “ಮೊಬೈಲ್ ಐತಲ್ಲ, ನೋಡ್ಕ” ಎಂದರು. ನೋಡಿಕೊಳ್ಳುವುದಕ್ಕೂ ಹೇಳಿಸಿಕೊಳ್ಳುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನಲ್ಲ, ನನ್ನ ತಾಳ್ಮೆಗೆ ಯಾರಾದರೂ ಶಾಲು ಹೊದಿಸಬೇಕು. ಅವರು ಹೊನ್ನಾಳಿಯವರು. ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಟಾಕೀಸು ಸಿಗುತ್ತಿತ್ತಂತೆ. ಸಿನಿಮಾ ಎಂದರೆ ಟಿಕೆಟ್ ತಗೊಂಡು ನೋಡುವುದು ಎಂದೇ ತಿಳಿದು ಬೆಳೆದ ಪಾಪದ ಜನ.

ನಮ್ಮದು ಜಗಳೂರಿನ ಕಡೆಯ ಹಳ್ಳಿ. ನಮ್ಮೂರಲ್ಲಿ ಸಿನಿಮಾ ನೋಡುತ್ತಿದ್ದವಳು ಒಬ್ಬಳೇ, ನಮ್ಮ ರತ್ನತ್ತೆ; ಅಪ್ಪನ ತಂಗಿ. ಬಿತ್ತನೆಗೆ ಮುಂಚೆ ಬೀಜದ ಶೇಂಗಾ ಸುಲಿಯುವ ಕಾಲ ಬಂತೆಂದರೆ ಓಣಿಯ ಹೆಂಗಸರೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು. ಬೀಜದ ಕಾಳಿಗೆ ಪೆಟ್ಟಾಗಬಾರದು, ಮೇಲಿನ ಕೆಂಪು ಸಿಪ್ಪೆ ಹರಿಯಬಾರದು. ಬಡಿಯುವ ಹಾಗಿಲ್ಲ, ಒಂದೊಂದನ್ನೇ ಬೆರಳಲ್ಲಿ ಒತ್ತಿ ಒಡೆಯಬೇಕು. ಬೆರಳ ತುದಿ ಉರಿಯುವ, ಆಕಳಿಕೆ ತರಿಸುವ ಕೆಲಸ. ಅದಕ್ಕೇ ಎಲ್ಲರೂ ಮಾತಾಡಿಕೊಂಡು ರತ್ನತ್ತೆಯನ್ನು ದಾವಣಗೆರೆಗೆ ಸಿನಿಮಾ ನೋಡಲು ಕಳಿಸುತ್ತಿದ್ದರು. ಅವಳ ಪಾಲಿನ ಶೇಂಗಾ ಉಳಿದವರು ಸುಲಿಯುವುದು, ಅವಳು ನೋಡಿ ಬಂದು ಹೇಳುವುದು. ಇದು ಓಣಿಯ ಒಪ್ಪಂದ.

ಅತ್ತೆ ಹೇಳುವ ಸಿನಿಮಾ ನಿಜವಾದ ಸಿನಿಮಾಕ್ಕಿಂತ ಉದ್ದ. ಎರಡು ಮಧ್ಯಾಹ್ನ ತೆಗೆದುಕೊಂಡದ್ದೂ ಉಂಟು. ಕೇಳುವವರೂ ಸಾಮಾನ್ಯದವರಲ್ಲ. “ಚೆಂದ ಇದ್ಲು ಅಂದ್ರೆ ಹೆಂಗೆ ತಿಳೀಬೇಕು? ಮೂಗು ಹೆಂಗಿತ್ತು ಹೇಳು” ಎಂದು ಒಬ್ಬಳು. “ಅಳ್ತಾ ಕುಂತಿದ್ಲು ಅಂತೀಯಲ್ಲ, ಒಲೆ ಮ್ಯಾಲೆ ಏನಿತ್ತು? ಸೀದು ಹೋಗ್ಲಿಲ್ಲೇನು?” ಎಂದು ಇನ್ನೊಬ್ಬಳು. ಅತ್ತೆ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಳು. ನಾಯಕಿ ಉಟ್ಟಿದ್ದು ಗಿಣಿಹಸಿರು ಸೀರೆ, ಅಂಚು ಕೆಂಪು ಎಂದು ಹೇಳಿದ್ದು ನನಗಿನ್ನೂ ನೆನಪಿದೆ. ಅದು ಕಪ್ಪುಬಿಳುಪು ಸಿನಿಮಾ ಎಂದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಗೊತ್ತಾದರೂ ಇವತ್ತಿಗೂ ಆ ಸೀರೆ ನನ್ನ ಕಣ್ಣಿಗೆ ಹಸಿರೇ.

ಈಗ ನಾನು ಕೆರೆಬಿಳಚಿಯ ಆಚೆ, ಸೂಳೆಕೆರೆ ಬದಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಿಸ್. ಚನ್ನಗಿರಿಯಲ್ಲಿ ಮನೆ, ದಿನಾ ಬಸ್ಸು. ಶಾಲೆಯ ಮಕ್ಕಳು ಬಾಯಲ್ಲಿ ಹೇಳುವ ಕತೆಗಳನ್ನು ಕೇಳಬೇಕು ನೀವು. ಕೆರೆಯ ತೂಬಿನ ಹತ್ತಿರ ಹೆಬ್ಬಾವು ಕಂಡದ್ದು, ಅಡಿಕೆ ಸುಲಿಯುವಾಗ ಇಬ್ಬರು ಅತ್ತಿಗೆಯರು ಜಗಳವಾಡಿ ಕೊನೆಗೆ ಒಂದೇ ತಟ್ಟೆಯಲ್ಲಿ ಉಂಡದ್ದು, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ. ಅದೇ ಮಕ್ಕಳ ಕೈಗೆ ಪೆನ್ನು ಕೊಟ್ಟು ಕತೆ ಬರೆಯಿರಿ ಎಂದರೆ ಮುಗಿಯಿತು. ‘ಒಂದು ಊರಿನಲ್ಲಿ ಒಬ್ಬ ದುರಾಸೆಯ ವ್ಯಾಪಾರಿ ಇದ್ದನು.’ ಇಡೀ ತರಗತಿಗೆ ಅದೇ ಊರು, ಅದೇ ವ್ಯಾಪಾರಿ, ಗೈಡಿನಿಂದ ಎದ್ದು ಬಂದವನು. ಕೊನೆಗೆ ‘ನೀತಿ’. ಟೈಮು ಸಾಲದೆ ಹೋದೀತೆಂದು ಒಬ್ಬಳು ಜಾಣೆ ನೀತಿಯನ್ನು ಮೊದಲು ಬರೆದು, ಮೇಲೆ ಕತೆಗೆ ಜಾಗ ಬಿಟ್ಟಿದ್ದಳು.

ಕಿರುಚಿತ್ರ ತೋರಿಸಿ ಕತೆ ಬರೆಸಬಹುದು ಎಂದು ಯಾವುದೋ ತರಬೇತಿಯಲ್ಲಿ ಕೇಳಿದ್ದೆ. ಸಿನಿಮಾ ಅಂದರೆ ನನಗೆ ಹೇಳಬೇಕೇ! ಕುಣಿದುಕೊಂಡು ಹೆಡ್‌ಮಾಸ್ಟರ ಹತ್ತಿರ ಹೋದೆ. ಅವರು ನ್ಯಾಮತಿ ಕಡೆಯವರು, ಲೆಕ್ಕದ ಮೇಷ್ಟ್ರು, ನಗುವುದನ್ನೂ ಹಂತ ಹಂತವಾಗಿ ನಗುವವರು. “ಸಿನಿಮಾ ತೋರ್ಸಿ ಕತೆ ಬರೆಸ್ತೀರಿ, ಸರಿ. ನಾನು ತ್ರಿಕೋನಮಿತಿಗೆ ಏನು ನಾಟಕ ಆಡ್ಸಲೇನ್ರಿ?” ಎಂದರು. ಕೊನೆಗೆ ಶನಿವಾರದ ಒಂದು ಪೀರಿಯಡ್ಡು ಕೊಟ್ಟರು. ಅರ್ಧವಾರ್ಷಿಕ ಪರೀಕ್ಷೆಯೊಳಗೆ ಕತೆಗಳು ಸುಧಾರಿಸದಿದ್ದರೆ ಅದು ಲೆಕ್ಕಕ್ಕೆ ವಾಪಸ್ಸು ಎಂಬ ಷರತ್ತು ಬೇರೆ. ಆ ಪೀರಿಯಡ್ಡು ಇನ್ನೂ ನನ್ನ ಹತ್ತಿರವೇ ಇದೆ, ಆತಂಕ ಬೇಡ.

ಮೊದಲ ಶನಿವಾರ ಶಾಲೆಯ ದೊಡ್ಡ ಟಿವಿಯಲ್ಲಿ ಎಲ್ಲರಿಗೂ ಒಂದು ಕಿರುಚಿತ್ರ ತೋರಿಸಿದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ. ಬರೆದದ್ದು ನೋಡಿದರೆ, ದೇವರೇ! ‘ಅವನು ಬಂದನು. ಅವನು ಕುಳಿತನು. ಅವನು ಹೋದನು.’ ಎಲ್ಲವೂ ಒಂದೇ ಜೆರಾಕ್ಸ್ ಅಂಗಡಿಯಿಂದ ಬಂದ ಹಾಗೆ. ಒಬ್ಬನಂತೂ ಪ್ರಾಮಾಣಿಕತೆಯ ಶಿಖರ, ‘ಕೊನೆಯಲ್ಲಿ ಕೆಲವು ಹೆಸರುಗಳು ಮೇಲಕ್ಕೆ ಹೋದವು’ ಎಂದು ಮುಗಿಸಿದ್ದ. ಎಲ್ಲರೂ ನೋಡಿಯಾದ ಮೇಲೆ ಯಾರು ಯಾರಿಗೆ ಏನು ಹೇಳಬೇಕು? ಕೇಳುವವರೇ ಇಲ್ಲವಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ನಮ್ಮ ಜಗಲಿ ನೆನಪಾಯಿತು. ಹೆಡ್ಡಿ, ನೀನು ಎಲ್ಲರನ್ನೂ ದಾವಣಗೆರೆಗೆ ಕಳಿಸಿದೆಯಲ್ಲೇ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮುಂದಿನ ಶನಿವಾರದಿಂದ ಹೊಸ ಪದ್ಧತಿ. ಒಬ್ಬರು ಮಾತ್ರ ನೋಡುವುದು, ಬಂದು ಎಲ್ಲರಿಗೂ ಹೇಳುವುದು. ಕೇಳಿದವರು ಬರೆಯುವುದು. ನೋಡಿಬಂದವರ ಕಸ ಗುಡಿಸುವ ಪಾಳಿಯನ್ನು ಆ ವಾರ ಉಳಿದವರು ಮಾಡುವುದು. ಶೇಂಗಾದ ಬದಲು ಕಸಬರಿಗೆ. ‘ಚೆನ್ನಾಗಿತ್ತು’ ಎಂಬ ಮಾತು ನಿಷಿದ್ಧ. ಮಾತಿಲ್ಲದ ಚಿತ್ರಗಳನ್ನೇ ಆರಿಸಿ ಬೇರೆ ಶಾಲೆಯ ನನ್ನ ಗೆಳತಿಯೊಬ್ಬಳು ಲಿಂಕ್ ಕಳಿಸುತ್ತಿದ್ದಳು. ನಾನೂ ಮೊದಲೇ ನೋಡುತ್ತಿರಲಿಲ್ಲ. ನೋಡಿದರೆ ನಡುವೆ ಬಾಯಿ ಹಾಕದೆ ಇರುವುದು ನನ್ನ ಜಾತಕದಲ್ಲೇ ಇಲ್ಲ. ಅಬ್ಬಾ, ಆಮೇಲೆ ತರಗತಿಯ ಗದ್ದಲ ನೋಡಬೇಕಿತ್ತು! “ಚಪ್ಲಿ ಹಾಕಿದ್ನಾ, ಬರಿಗಾಲಾಗಿದ್ನಾ?” “ಬಾಗಲು ಯಾವ ಕಡಿಗೆ ತೆರೀತು?” ಪ್ರಶ್ನೆಗಳ ಬಾಣ. ಕತೆಗಳಲ್ಲಿ ಚಪ್ಪಲಿ ಬಂತು, ಬಾಗಿಲು ಬಂತು, ಸೀದ ಪಲ್ಯದ ವಾಸನೆ ಬಂತು. ದುರಾಸೆಯ ವ್ಯಾಪಾರಿ ಮೆಲ್ಲಗೆ ಊರು ಬಿಟ್ಟ.

ಹಾಲಮ್ಮ ಒಬ್ಬಳು ಮಾತ್ರ ಉಳಿದಳು. ಸಿಂಚನ, ಅನುಷಾಗಳ ನಡುವೆ ಹರಕೆಯ ಹೆಸರು ಹೊತ್ತ ಒಂಬತ್ತನೇ ತರಗತಿಯ ಹುಡುಗಿ. ಓದಿನಲ್ಲಿ ಮುಂದು, ಪದ್ಯದ ಸಾರಾಂಶ ಬರೆದರೆ ತಪ್ಪು ಹುಡುಕಲು ಕನ್ನಡಕ ಬೇಕು. ಕತೆಯ ಪ್ರಶ್ನೆಗೆ ಮಾತ್ರ ಖಾಲಿ ಹಾಳೆ. ಯಾಕೆಂದು ಕೇಳಿದೆ.

“ಆಗದೇ ಇರೋದನ್ನ ಹೆಂಗೆ ಬರೀಲಿ ಮಿಸ್?”

“ಕಲ್ಪನೆ ಮಾಡ್ಕೊಂಡು ಬರಿ.”

“ಅದು ಸುಳ್ಳಲ್ವಾ ಮಿಸ್?”

ಎಂ.ಎ., ಬಿ.ಎಡ್. ಎರಡೂ ನನ್ನ ಬಳಿ ಇದ್ದವು. ಆದರೂ “ಜಾಸ್ತಿ ಮಾತಾಡ್ಬೇಡ, ಕೂತ್ಕ” ಎಂದೆ. ಮೇಷ್ಟ್ರುಗಳ ಸಾರ್ವಕಾಲಿಕ ಉತ್ತರ.

ಈ ನಿಯತ್ತು ಅವಳಿಗೆ ಎಲ್ಲಿಂದ ಬಂತೆಂದು ಊರಿಗೇ ಗೊತ್ತು. ಅವಳಪ್ಪ ಮಂಜಪ್ಪ ಕೆರೆಯ ಮೀನನ್ನು ಮೊಪೆಡ್ ಮೇಲೆ ಹೇರಿಕೊಂಡು ಚನ್ನಗಿರಿಯವರೆಗೆ ಮಾರುವವನು. ಮೀನು ಇವತ್ತಿನದಾ ಎಂದು ಕೇಳಿದರೆ, “ಇಲ್ರಿ, ಇದು ನಿನ್ನೇದು, ಅದು ಇವತ್ತಿಂದು” ಎಂದು ಬೆರಳು ಮಾಡಿ ತೋರಿಸುವ ಆಸಾಮಿ. ಪಕ್ಕದಲ್ಲಿ ನಿಂತ ಇನ್ನೊಬ್ಬ ‘ಈಗ ತಾನೇ ಕೆರೆಯಿಂದ ಎದ್ದು ಬಂದೈತೆ’ ಎಂದು ಆಣೆ ಹಾಕಿ ಬುಟ್ಟಿ ಖಾಲಿ ಮಾಡಿಕೊಂಡು ಹೋಗುತ್ತಿದ್ದ. ಮಂಜಪ್ಪನ ಹೆಂಡತಿ ಬೈದರೆ, “ತಕ್ಕಡಿ ನೆಟ್ಟಗಿದ್ದು ಬಾಯಿ ಸೊಟ್ಟಗಾದ್ರೆ ಏನ್ ಬಂತು?” ಎನ್ನುತ್ತಿದ್ದನಂತೆ. ಅಂಥವನ ಮಗಳು ದುರಾಸೆಯ ವ್ಯಾಪಾರಿಯನ್ನು ಎಲ್ಲಿಂದ ತಂದಾಳು?

ಮುಂದಿನ ವರ್ಷ ಅವಳು ಹತ್ತನೆಯ ತರಗತಿ. ಅಂಕ ಹೋಗುತ್ತದೆಂಬುದು ಒಂದು ಚಿಂತೆ. ಅದಕ್ಕಿಂತ ನನ್ನನ್ನು ಕಾಡುತ್ತಿದ್ದುದು ಬೇರೆ. ಇಷ್ಟು ಸೂಕ್ಷ್ಮದ ಹುಡುಗಿ ತನ್ನೊಳಗೆ ಹುಟ್ಟಿದ್ದನ್ನೆಲ್ಲ ಸುಳ್ಳು ಎಂದು ಹೊಸಕಿ ಹಾಕುತ್ತಾ ಬೆಳೆದರೆ ಹೇಗೆ? ಒಂದು ಶನಿವಾರ ಅವಳನ್ನೇ ಆರಿಸಿದೆ. “ನೋಡಿದ್ದನ್ನ ನೋಡಿದಂಗೆ ಹೇಳು, ಅಷ್ಟೇ. ಇದ್ರಾಗೆ ಸುಳ್ಳು ಎಲ್ಲೈತೆ?” ಅವಳು ಯೋಚಿಸಿ ಒಪ್ಪಿದಳು.

ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಹೆಡ್‌ಮಾಸ್ಟರ ಕೋಣೆಯ ಕಿಟಕಿಯಲ್ಲಿ ಮಾತ್ರ. ತುರ್ತು ಮಾತಿದ್ದರೆ ನಾವೆಲ್ಲ ಅಲ್ಲಿ ಸರಳುಗಳ ನಡುವೆ ಕೈ ತೂರಿಸಿ ನಿಲ್ಲುತ್ತೇವೆ, ಜೈಲಿನಲ್ಲಿರುವವರ ಹಾಗೆ. ಹಾಲಮ್ಮ ನನ್ನ ಫೋನು ಹಿಡಿದು ಅಲ್ಲಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಭಯ ಎಂದುಕೊಂಡೆ. ಮಕ್ಕಳು ಆಗಲೇ ಬೆಂಚಿನ ತುದಿಗೆ ಸರಿದು ಕೂತಿದ್ದರು.

ಅವಳು ಶುರು ಮಾಡಿದಳು. ಒಬ್ಬ ಹೆಂಗಸು ಬಸ್ಸು ಹತ್ತುತ್ತಾಳೆ, ತೊಡೆಯ ಮೇಲೆ ಸ್ಟೀಲಿನ ಊಟದ ಡಬ್ಬಿ. ಪಕ್ಕದಲ್ಲಿ ಯೂನಿಫಾರಂ ತೊಟ್ಟ ಒಬ್ಬ ಹುಡುಗಿ. ಹೆಂಗಸು ಇಳಿದು ಹೋಗುತ್ತಾಳೆ, ಡಬ್ಬಿ ಸೀಟಿನ ಮೇಲೆಯೇ ಉಳಿಯುತ್ತದೆ. ಹುಡುಗಿ ಅದನ್ನು ಎತ್ತಿಕೊಂಡು ತನ್ನ ಸ್ಟಾಪು ಬರದಿದ್ದರೂ ಇಳಿದು, ಅವಳ ಹಿಂದೆಯೇ ಓಡುತ್ತಾಳೆ. ಗಲ್ಲಿ ಗಲ್ಲಿ ದಾಟಿ ಒಂದು ಬಾಗಿಲ ಮುಂದೆ ನಿಂತು ಕೈ ಎತ್ತುತ್ತಾಳೆ.

ಇಲ್ಲಿಗೆ ಬಂದು ಹಾಲಮ್ಮ ನಿಂತುಬಿಟ್ಟಳು. “ಹೇಳೇ, ಬಾಗಲು ತೆರೆದ್ರಾ?” ಎಂದು ತರಗತಿ ಕೂಗಿತು. ಅವಳು ಕಿಟಕಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

“ತೆರೆದ್ರು. ಆ ಹೆಂಗಸು ಡಬ್ಬಿ ಮರ್ತಿರ್ಲಿಲ್ಲ. ಬೇಕಂತ್ಲೇ ಬಿಟ್ಟು ಬಂದಿದ್ಲು. ಅವಳ ಮನೆಯಾಗೆ ಉಣ್ಣೋರು ಯಾರೂ ಇಲ್ಲ. ದಿನಾ ಇಬ್ಬರಿಗೆ ಮಾಡಿ ರೂಢಿ. ಬಸ್ಸಿನಾಗೆ ಹಸಿದೋರು ಯಾರಾರ ಉಣ್ಲಿ ಅಂತ ಇಟ್ಟು ಬಂದಿದ್ಲು. ‘ತಂದು ಕೊಟ್ಟೆಲ್ಲ, ಇನ್ನೇನ್ ಮಾಡಾಕೆ ಆಕ್ಕತಿ, ಒಳಗೆ ಬಾ, ಇಬ್ರೂ ಉಣ್ಣಾನ’ ಅಂದ್ಲು. ಡಬ್ಬಿ ತೆಗೆದ್ರೆ ಮುದ್ದೆ, ಮೀನ್ ಸಾರು.”

ಮುಂದಿನ ಬೆಂಚಿನ ಒಬ್ಬಳು ಕಣ್ಣೊರೆಸಿಕೊಂಡಳು. ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದ ಹೆಡ್‌ಮಾಸ್ಟರು ಕೆಮ್ಮಿ ಹೊರಟುಹೋದರು. ಆ ವಾರ ಮಕ್ಕಳು ಬರೆದಂಥ ಕತೆಗಳನ್ನು ನಾನು ಇಷ್ಟು ವರ್ಷದಲ್ಲಿ ಓದಿರಲಿಲ್ಲ. ಮಾತಿಲ್ಲದ ಚಿತ್ರದ ಹೆಂಗಸು ಮಾತಾಡಿದ್ದು ಹೇಗೆ, ಎಲ್ಲೋ ದೊಡ್ಡ ಶಹರದ ಡಬ್ಬಿಯಲ್ಲಿ ಸೂಳೆಕೆರೆಯ ಮೀನ್ ಸಾರು ಹೇಗೆ ಬಂತೆಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಾರಿನ ಹೆಸರು ಕೇಳಿ ನನ್ನ ಬಾಯಲ್ಲಿ ನೀರು ಬಂದಿತ್ತು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮಂಜಪ್ಪನ ಮೊಪೆಡ್ ಶಾಲೆಯ ಗೇಟಿನಲ್ಲಿ ನಿಂತಿತು. ಹಿಂದೆ ಮೀನಿನ ಬುಟ್ಟಿ, ಮುಂದೆ ಅತ್ತು ಊದಿದ ಮುಖದ ಹಾಲಮ್ಮ.

“ಮಿಸ್ಸಮ್ಮಾರೆ, ನಮ್ ಹುಡುಗಿ ಶಾಲೆಯಾಗೆ ಸುಳ್ಳು ಹೇಳಿದ್ಲಂತೆ. ನಿನ್ನೆಯಿಂದ ಕೂಳು ಮುಟ್ಟಿಲ್ಲ. ಏನಂತ ಕೇಳಿದ್ರೆ ಬರೀ ಅಳ್ತಾಳೆ. ಶನಿವಾರದ ಕ್ಲಾಸಿಗೆ ಇನ್ ಬರಾಕಿಲ್ಲ ಅಂತಾಳೆ.”

ಆಗ ಹಾಲಮ್ಮನ ಬಾಯಿಂದ ಹೊರಬಿತ್ತು ವಿಷಯ. ಹುಡುಗಿ ಬಾಗಿಲು ತಟ್ಟಲು ಕೈ ಎತ್ತುತ್ತಾಳಲ್ಲ, ಅಲ್ಲಿಗೆ ನೆಟ್‌ವರ್ಕ್ ಹೋಗಿತ್ತು. ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ತರಗತಿಯಲ್ಲಿ ಅಷ್ಟೂ ಮಂದಿ ಕಾಯುತ್ತಿದ್ದರು. ಬಾಗಿಲಿನಿಂದಾಚೆ ಅವಳು ಹೇಳಿದ್ದೆಲ್ಲ ಅವಳದೇ.

ನನಗೆ ಕುಣಿಯಬೇಕೆನಿಸಿತು, ಆದರೆ ಹುಡುಗಿಯ ಮುಖ ನೋಡಿ ತಡೆದುಕೊಂಡೆ. ತಡೆದುಕೊಂಡು ಏನು ಮಾಡಿದೆ? ಭಾಷಣ ಮಾಡಿದೆ. ಕಲ್ಪನೆ ಎಂದರೇನು, ಅಸತ್ಯ ಎಂದರೇನು, ಸೃಜನಶೀಲತೆಯಲ್ಲಿ ಎರಡರ ಸ್ಥಾನವೇನು. ಮಂಜಪ್ಪ ನಯವಾಗಿ ಆಕಳಿಸಿದ. ಹಾಲಮ್ಮ ಇನ್ನೂ ಜೋರಾಗಿ ಅತ್ತಳು. ಕೋಣನ ಮುಂದೆ ಕಿನ್ನರಿ ಎನ್ನುತ್ತಾರಲ್ಲ, ಅಲ್ಲಿ ಕೋಣ ನಾನೇ ಎಂದು ತಡವಾಗಿ ಹೊಳೆಯಿತು.

ಅಷ್ಟರಲ್ಲಿ ಕಿಟಕಿಯಿಂದ ಹೆಡ್‌ಮಾಸ್ಟರ ದನಿ ಬಂತು. “ಚಕ್ರ ತಿರುಗ್ತಿದ್ದದ್ದು ನಂಗೂ ಗೊತ್ತಿತ್ತು ಕಣ್ರಿ. ಅವಳ ಹಿಂದೆ ನಿಂತು ನಾನೂ ನೋಡ್ತಿದ್ದೆ. ಮುಂದೆ ಏನು ಹೇಳ್ತಾಳೋ ಅಂತ ಬಾಗಿಲ ತನಕ ಬಂದೆ. ಸುಳ್ಳು ಅಂತ ಗೊತ್ತಿದ್ದೂ ಕೊನೇ ತನಕ ನಿಂತು ಕೇಳಿದೆ.” ನನ್ನ ಫೋನಿಗೆ ಕೈ ಚಾಚಿ, “ಈಗ ಸಿಗ್ನಲ್ ಐತೆ. ಬರ್ರಿ, ಉಳಿದದ್ದು ನೋಡಿಬಿಡಾನ” ಎಂದರು.

ನಾಲ್ವರೂ ಕಿಟಕಿಗೆ ಮುತ್ತಿಕೊಂಡೆವು. ಹುಡುಗಿ ಬಾಗಿಲು ತಟ್ಟಿದಳು. ಹೆಂಗಸು ತೆರೆದಳು, ಡಬ್ಬಿ ತೆಗೆದುಕೊಂಡಳು, ಒಂದು ಗಳಿಗೆ ಹುಡುಗಿಯ ಮುಖ ನೋಡಿದಳು, ಬಾಗಿಲು ಹಾಕಿಕೊಂಡಳು. ಹುಡುಗಿ ಖಾಲಿ ಗಲ್ಲಿಯಲ್ಲಿ ವಾಪಸ್ಸು ನಡೆದಳು. ಹೆಸರುಗಳು ಮೇಲಕ್ಕೆ ಹೋದವು.

“ಇಷ್ಟೇನಾ?” ಎಂದ ಮಂಜಪ್ಪ. ಹೆಡ್‌ಮಾಸ್ಟರ ಮುಖದಲ್ಲೂ ಅದೇ ಪ್ರಶ್ನೆ ಇತ್ತು. ಮಂಜಪ್ಪ ಮಗಳ ಕಡೆ ತಿರುಗಿದ. “ನೀನ್ ಏನ್ ಹೇಳಿದ್ದೆ?”

“ಬೇಡಪ್ಪ. ಅದು ಸುಳ್ಳು.”

ಆಗ ನಾನು ರತ್ನತ್ತೆಯ ಮಾತು ತೆಗೆದೆ. ಜಗಲಿ, ಶೇಂಗಾ, ದಾವಣಗೆರೆಯ ಒಪ್ಪಂದ, ಎಲ್ಲ ಹೇಳಿದೆ. ಅತ್ತೆ ಒಮ್ಮೆ ನೋಡಿ ಬಂದ ಸಿನಿಮಾದಲ್ಲಿ ಗಂಡನ ಮನೆಯವರು ಸೊಸೆಯನ್ನು ಹೊರಗೆ ಹಾಕುತ್ತಾರೆ. ಅವಳು ಬಾವಿಕಟ್ಟೆಯ ಮೇಲೆ ಬಂದು ನಿಲ್ಲುತ್ತಾಳೆ. ಅಷ್ಟರಲ್ಲಿ ಅವಳಣ್ಣ ಬಂದು, ನಡಿಯವ್ವ ಮನೆಗೆ ಎಂದು ಕರೆದುಕೊಂಡು ಹೋಗುತ್ತಾನೆ. ಜಗಲಿಯ ಹೆಂಗಸರೆಲ್ಲ ಉಸಿರು ಬಿಟ್ಟಿದ್ದರು. ಗಂಡನ ಮನೆಯಿಂದ ತಿರುಗಿ ಬಂದಿದ್ದ ಪಕ್ಕದ ಮನೆಯ ಗೌರಕ್ಕ ಆ ದಿನ ನಮ್ಮ ಜೊತೆಗೇ ಕೂತು ಸುಲಿಯುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಆ ಸಿನಿಮಾವನ್ನು ನಾನು ಟಿವಿಯಲ್ಲಿ ನೋಡಿದೆ. ಅಣ್ಣನೂ ಇಲ್ಲ, ಗಿಣ್ಣನೂ ಇಲ್ಲ. ಅವಳು ಬಾವಿಗೆ ಹಾರುತ್ತಾಳೆ. ನಾನು ಗಾಬರಿಯಾಗಿ ಅತ್ತೆಗೆ ಫೋನು ಮಾಡಿದೆ. ಅತ್ತೆ ಆರಾಮಾಗಿ ಹೇಳಿದಳು, “ಸಾಯ್ಲಿ ಬಿಡೇ ಸಿನಿಮಾದಾಗೆ. ಗೌರಿ ಕುಂತಿದ್ಲು, ನಮ್ ಜಗಲಿ ಮ್ಯಾಲೆ ಯಾಕೆ ಸಾಯ್ಬೇಕು?”

ಮಂಜಪ್ಪ ತನ್ನ ಮೊಪೆಡ್ ಕಡೆ ತಿರುಗಿ ನೋಡಿದ. ಬುಟ್ಟಿಯಿಂದ ಮಂಜುಗಡ್ಡೆಯ ನೀರು ತೊಟ್ಟಿಕ್ಕುತ್ತಿತ್ತು.

“ನೋಡವ್ವ ಹಾಲಿ,” ಎಂದ. “ನಿನ್ನೆ ಮೀನನ್ನ ಇವತ್ತಿಂದು ಅಂದ್ರೆ ತಗಂಡೋರ ಹೊಟ್ಟೆ ಕೆಡ್ತೈತೆ. ನಿನ್ ಮಾತು ಕೇಳಿ ಯಾರ ಹೊಟ್ಟೆ ಕೆಡ್ತು?”

ಹಾಲಮ್ಮ ತಲೆ ತಗ್ಗಿಸಿಯೇ, “ಯಾರದೂ ಇಲ್ಲ” ಎಂದಳು.

“ನೋಡಿದ್ದು ಎಷ್ಟು, ನೀನ್ ಹಾಕಿದ್ದು ಎಷ್ಟು ಅಂತ ಬಿಚ್ಚಿ ಹೇಳಿದೀಯಲ್ಲ, ಆತು. ಈಗ ನಂಗೆ ಹೇಳು. ನೀನ್ ಹಾಕಿದ್ದೇ ಹೇಳು.”

ಅವನು ಜಗಲಿಕಟ್ಟೆಯ ಮೇಲೆ ಕೂತ. ನಾನೂ ಕೂತೆ. ಹೆಡ್‌ಮಾಸ್ಟರು ಗಂಟೆ ಬಾರಿಸುವವನಿಗೆ ತಡೆ ಎಂದು ಕೈ ಮಾಡಿದರು. ಹಾಲಮ್ಮ ಮೂಗು ಒರೆಸಿಕೊಂಡು ಮೆಲ್ಲಗೆ ಶುರು ಮಾಡಿದಳು. ಬಸ್ಸು, ಡಬ್ಬಿ, ಗಲ್ಲಿ. ಬಾಗಿಲ ಹತ್ತಿರ ಬರುವಾಗ ದನಿ ಗಟ್ಟಿಯಾಗಿತ್ತು. ಈ ಸಲ ಬಾಗಿಲ ಪಕ್ಕ ಒಂದು ಜೊತೆ ಗಂಡಸರ ದೊಡ್ಡ ಚಪ್ಪಲಿ ಇತ್ತು, ಧೂಳು ಹಿಡಿದದ್ದು. ಶನಿವಾರ ಅದು ಇರಲಿಲ್ಲ. ಹೆಂಗಸು ಎರಡು ತಟ್ಟೆ ಹಾಕಿದಳು. ಇಬ್ಬರೂ ಉಂಡರು. ಮಂಜಪ್ಪ, ತನ್ನ ಮಗಳು ಬೇರೆ ಯಾರದೋ ಮನೆಯಲ್ಲಿ ಉಣ್ಣುವುದನ್ನು ನೋಡುವವನ ಹಾಗೆ ಅವಳನ್ನೇ ನೋಡುತ್ತಿದ್ದ.

“ಮಾರನೇ ದಿನಾನೂ ಆ ಹುಡುಗಿ ಅಲ್ಲಿಗೆ ಹೋದ್ಲೇನವ್ವ?” ಎಂದು ಕೇಳಿದ.

ಹಾಲಮ್ಮ ತಲೆ ಎತ್ತಿದಳು. ಕಣ್ಣಲ್ಲಿ ನೀರು ಇನ್ನೂ ಇತ್ತು, ಹುಬ್ಬು ಮಾತ್ರ ಗಂಟಿಕ್ಕಿತ್ತು, ಲೆಕ್ಕ ಬಿಡಿಸುವಾಗ ಮಾಡುತ್ತಾಳಲ್ಲ ಹಾಗೆ.

“ತಡೀಯಪ್ಪ,” ಎಂದಳು. “ಅದನ್ನ ಇನ್ನೂ ಬರೆದಿಲ್ಲ.”